ಕಾಳುಪಲ್ಯ ತಿಂದರೆ ಮಗುವಿನ ಶುಗರ್ ಇಳಿಯುತ್ತದೆ, ಯಾಕೆ?

ಪ್ರಶ್ನೆ (ಗದಗ): ನಮಸ್ಕಾರ ಸರ್. ನನ್ನ ಮಗಳಿಗೆ ಒಂದೂವರೆ ವರ್ಷ. ಮಡಕಿಕಾಳು ಪಲ್ಯನೋ ಮೊಸರೋ ಹೊಟ್ಟೆತುಂಬ ತಿಂದ ಸ್ವಲ್ಪ ಹೊತ್ತಿಗೆ ಬೆವರುತ್ತಾಳೆ, ಕಣ್ಣು ಒಂದೇ ಕಡೆ ನಿಂತು ಸುಮ್ನಾಗಿಬಿಡುತ್ತಾಳೆ. ಅತ್ತೆಯವರು ದೃಷ್ಟಿ ಅಂದರು, ಮೆಣಸಿನಕಾಯಿ ನಿವಾಳಿಸಿದ್ದೂ ಆಯಿತು. ಮೊನ್ನೆ ಮಾವನವರ ಶುಗರ್ ಮಷೀನಿನಲ್ಲಿ ನೋಡಿದರೆ 46! ಆಸ್ಪತ್ರೆಯಲ್ಲಿ ಇನ್ಸುಲಿನ್ ಜಾಸ್ತಿ, ಅಮೋನಿಯಾನೂ ಜಾಸ್ತಿ ಅಂತ ಹೇಳಿ ಗ್ಲುಡ್-1 ಜೀನ್ ಟೆಸ್ಟ್ ಬರೆದುಕೊಟ್ಟಿದ್ದಾರೆ. ಸಿಹಿ ತಿನ್ನದೆ ಇನ್ಸುಲಿನ್ ಹೇಗೆ ಏರುತ್ತದೆ? ಕಾಳು ಪೂರ್ತಿ ಬಿಡಿಸಲಾ?

ಉತ್ತರ (ಮಕ್ಕಳ ಹಾರ್ಮೋನ್ ಡಾಕ್ಟರ್, ಹುಬ್ಬಳ್ಳಿ): ಬಿಡಿಸಬೇಡ್ರಿ ತಂಗಿ, ಬೆಳೆಯುವ ಕೂಸು. ಇನ್ಸುಲಿನ್ ಅಂದರೆ ಬರೀ ಸಕ್ಕರೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಆದರೆ ಇನ್ಸುಲಿನ್ ಬಿಡುವ ಬೀಟಾ ಕೋಶ ನೋಡುವುದು ಒಳಗೆ ಎಟಿಪಿ, ಅಂದರೆ ಕೋಶ ಬಳಸುವ ಶಕ್ತಿಯ ಅಣು, ಎಷ್ಟಾಯಿತು ಅಂತ. ಅದು ಬೆಲ್ಲದಿಂದ ಬಂತೋ ಕಾಳಿನಿಂದ ಬಂತೋ ಕೇಳುವುದಿಲ್ಲ. ಎಟಿಪಿ ಏರಿದರೆ ಪೊಟ್ಯಾಸಿಯಂ ಚಾನೆಲ್ ಮುಚ್ಚುತ್ತದೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಇನ್ಸುಲಿನ್ ಹೊರಗೆ ಬೀಳುತ್ತದೆ.

ಕಾಳು, ಹಾಲು, ಮೊಸರಿನಲ್ಲಿ ಲ್ಯೂಸಿನ್ ಅನ್ನುವ ಅಮೈನೋ ಆಮ್ಲ ಇರುತ್ತದೆ. ಕೋಶಕ್ಕೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾದೊಳಗೆ ಗ್ಲುಟಮೇಟ್ ಅನ್ನುವ ಇನ್ನೊಂದು ಅಮೈನೋ ಆಮ್ಲವನ್ನು ಒಡೆಯುವ ಕಿಣ್ವವಿದೆ, ಗ್ಲುಟಮೇಟ್ ಡಿಹೈಡ್ರೋಜಿನೇಸ್. ಈ ಕಿಣ್ವಕ್ಕೆ ಲ್ಯೂಸಿನ್ ಅಂಟಿಕೊಂಡರೆ ಅದು ಚುರುಕಾಗುತ್ತದೆ. ಗ್ಲುಟಮೇಟಿನಿಂದ ಅಮೋನಿಯಾ ಕಿತ್ತು ಉಳಿದದ್ದನ್ನು ಎಟಿಪಿ ಮಾಡುವ ದಾರಿಗೆ ತಳ್ಳುತ್ತದೆ. ಇದಕ್ಕೊಂದು ಬ್ರೇಕ್ ಇದೆ, ಎಟಿಪಿಯಂಥದ್ದೇ ಜಿಟಿಪಿ ಅನ್ನುವ ಅಣು. ಶಕ್ತಿ ಸಾಕಷ್ಟಿದ್ದರೆ ಜಿಟಿಪಿ ಬಂದು ಕಿಣ್ವವನ್ನು ನಿಧಾನ ಮಾಡುತ್ತದೆ. ಗ್ಲುಡ್-1 ಈ ಕಿಣ್ವದ ಜೀನ್. ಅದರಲ್ಲಿ ಬದಲಾವಣೆ ಇದ್ದರೆ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ, ಇದು 1998ರಲ್ಲಿ ಗೊತ್ತಾಯಿತು. ಇದೇ ಕಿಣ್ವ ದೇಹದ ಬೇರೆ ಕಡೆಯೂ ಇದೆ, ಅದಕ್ಕೇ ಅಮೋನಿಯಾ ಜಾಸ್ತಿ. ಆ ಅಮೋನಿಯಾದಿಂದ ಸಾಮಾನ್ಯವಾಗಿ ತೊಂದರೆ ಕಾಣುವುದಿಲ್ಲ. ತೊಂದರೆ ಕೊಡುವುದು ಶುಗರ್ ಇಳಿಯುವುದು, ಯಾಕೆಂದರೆ ಇನ್ಸುಲಿನ್ ಜಾಸ್ತಿ ಇದ್ದಾಗ ಕೊಬ್ಬಿನಿಂದ ತಯಾರಾಗುವ ಕೀಟೋನ್ ಕೂಡ ಏಳುವುದಿಲ್ಲ, ಮೆದುಳಿಗೆ ಎರಡನೇ ಇಂಧನವೂ ಸಿಗುವುದಿಲ್ಲ.

ಬರೀ ಪಲ್ಯ, ಬರೀ ಮೊಸರು ಕೊಡಬೇಡ್ರಿ. ಮೊದಲು ಎರಡು ತುತ್ತು ರೊಟ್ಟಿನೋ ಅನ್ನವೋ ಹೋಗಲಿ, ಆಮೇಲೆ ಅದರ ಜೊತೆಗೇ ಕಾಳು. ಟೆಸ್ಟಿನಲ್ಲಿ ಖಾತ್ರಿಯಾದರೆ ಡಯಾಜಾಕ್ಸೈಡ್ ಅಂತ ಔಷಧಿ ಇದೆ, ಈ ತೊಂದರೆಯಲ್ಲಿ ಬಹುತೇಕ ಮಕ್ಕಳಿಗೆ ಕೆಲಸ ಮಾಡುತ್ತದೆ. ಇನ್ನೊಂದು, ಕಣ್ಣು ಒಂದೇ ಕಡೆ ನಿಲ್ಲುತ್ತದೆ ಅಂದಿರಲ್ಲ, ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆ, ಮಾಡಿಸಿ. ಈ ಮಕ್ಕಳಿಗೆ ಶುಗರ್ ಸರಿ ಇದ್ದಾಗಲೂ ಫಿಟ್ಸ್ ಬರುವುದುಂಟು.

ಪ್ರಶ್ನೆ (ಧಾರವಾಡ, ಎಂ.ಎಸ್ಸಿ. ವಿದ್ಯಾರ್ಥಿ): ಸರ್, ಸರ್ಟ್-4 ಅನ್ನುವ ಪ್ರೋಟೀನ್ ಕೂಡ ಇದೇ ಕಿಣ್ವವನ್ನು ತಡೆಯುತ್ತದೆ ಅಲ್ವಾ?

ಉತ್ತರ: ಹೌದು ತಮ್ಮಾ. ಅದೂ ಮೈಟೋಕಾಂಡ್ರಿಯಾದಲ್ಲೇ ಇರುತ್ತದೆ, ಕಿಣ್ವಕ್ಕೆ ಎಡಿಪಿ-ರೈಬೋಸ್ ಅನ್ನುವ ಸಣ್ಣ ಅಣು ಅಂಟಿಸಿ ನಿಧಾನ ಮಾಡುತ್ತದೆ. ಸರ್ಟ್-4 ಇಲ್ಲದ ಇಲಿಗಳು ಅಮೈನೋ ಆಮ್ಲಕ್ಕೆ ಜಾಸ್ತಿ ಇನ್ಸುಲಿನ್ ಬಿಡುತ್ತವೆ ಅಂತ 2006ರಲ್ಲಿ ತೋರಿಸಿದರು. 2017ರಲ್ಲಿ ಲ್ಯೂಸಿನ್ ಕರಗಿಸುವ ದಾರಿಯಲ್ಲೂ ಅದರ ಕೈ ಇದೆ ಅಂತ ಗೊತ್ತಾಯಿತು. ಆದರೆ ಇಲಿಯ ಮಾತು ಇಲಿಯದ್ದು, ಈ ತಾಯಿಗೆ ಈಗ ಬೇಕಿರುವುದು ಗ್ಲುಡ್-1 ರಿಪೋರ್ಟು.

ಪ್ರಶ್ನೆ (ಹಾವೇರಿ): ನನಗೆ ಶುಗರ್ ಇದೆ. ಹಾಗಾದರೆ ಲ್ಯೂಸಿನ್ ಪುಡಿ ತಿಂದರೆ ಇನ್ಸುಲಿನ್ ಏರಿ ಶುಗರ್ ಇಳಿಯುತ್ತಾ?

ಉತ್ತರ: ಬೇಡ ಕಾಕಾ. ನಿಮ್ಮ ಗುಳಿಗೆ ಬಿಟ್ಟು ಪುಡಿ ಹಿಡಿಯಬೇಡ್ರಿ.

ಪ್ರಶ್ನೆ (ಗದಗ): ಸರ್, ಅಮೋನಿಯಾ ಇನ್ನೊಮ್ಮೆ ನೋಡಬೇಕಂತೆ. ಇಲ್ಲೇ ರಕ್ತ ತೆಗೆಸಿ ಹುಬ್ಬಳ್ಳಿಗೆ ಬಸ್ಸಿನಲ್ಲಿ ಕಳಿಸಿದರೆ ನಡೆಯುತ್ತಾ?

ಉತ್ತರ: ನಡೆಯುವುದಿಲ್ಲ. ತೆಗೆದ ರಕ್ತ ಇಟ್ಟಷ್ಟೂ ಅಮೋನಿಯಾ ಸುಳ್ಳುಸುಳ್ಳೇ ಏರುತ್ತದೆ. ಮಂಜುಗಡ್ಡೆಯಲ್ಲಿಟ್ಟು ಕೂಡಲೇ ಲ್ಯಾಬಿಗೆ ಹೋಗಬೇಕು, ಕೈಗೆ ಪಟ್ಟಿ ಬಿಗಿದು ಬಹಳ ಹೊತ್ತು ಹಿಡಿಯಬಾರದು. ಲ್ಯಾಬ್ ಇರುವಲ್ಲಿಗೆ ಕೂಸನ್ನೇ ಕರೆದುಕೊಂಡು ಹೋಗಿ. ದಾರಿಗೆ ಗ್ಲೂಕೋಸ್ ಪುಡಿ ಇರಲಿ, ಎಚ್ಚರ ಇದ್ದಾಗ ನೀರಿಗೆ ಕಲಸಿ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಹತ್ತಿರದ ಆಸ್ಪತ್ರೆಗೆ ಓಡಿ.