ರೀಲ್‌ಗಾಗಿ ನನ್ನ ಮಾತೇ ಬದಲಾಗಿದೆ, ಏನು ಮಾಡಲಿ?

ಪ್ರಶ್ನೆ: ವಿದ್ಯಾರ್ಥಿನಿ, ಗಂಗಾವತಿ

ನಾನು ಬಿಎಸ್ಸಿ ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ಪಿಯುಸಿಯಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದ ಗೆಳತಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿಗೆ ಸೇರಿದ್ದಾಳೆ. ಆಕೆ ಇನ್‌ಸ್ಟಾಗ್ರಾಮ್‌ನಲ್ಲಿ ಹಾಕುವ ಸ್ಟೋರಿಗಳನ್ನು ನೋಡಿದಾಗ ಆಗುವ ಸಂಕಟ ಸಿನಿಮಾ ನಟಿಯರ ಚಿತ್ರಗಳನ್ನು ನೋಡಿದಾಗ ನನಗೆ ಎಂದೂ ಆಗಿಲ್ಲ. ಅಷ್ಟೇ ಆಗಿದ್ದರೆ ಹೊಟ್ಟೆಕಿಚ್ಚೆಂದು ಸುಮ್ಮನಿರುತ್ತಿದ್ದೆ. ಕಳೆದ ತಿಂಗಳು ಅಂಜನಾದ್ರಿ ಬೆಟ್ಟದ ಮೇಲೆ ಮಾಡಿದ ರೀಲನ್ನು ಅವ್ವನಿಗೆ ತೋರಿಸಿದೆ. ಆಕೆ, "ಇದು ಯಾರ ದನಿ ಐತಿ?" ಎಂದು ಕೇಳಿದಳು. ಮನೆಯಲ್ಲಿ 'ಹೀಂಗ್ಯಾಕ', 'ಕುಂದ್ರು' ಎನ್ನುವ ನಾನು ಅದರಲ್ಲಿ ಬೆಂಗಳೂರಿನವರಂತೆ ಮಾತನಾಡಿದ್ದೆ, ಮತ್ತು ಹಾಗೆ ಮಾತನಾಡುತ್ತಿದ್ದೇನೆಂಬುದು ಅವ್ವ ಕೇಳುವವರೆಗೆ ನನಗೇ ತಿಳಿದಿರಲಿಲ್ಲ. ಇದರಿಂದ ಹೊರಬರುವುದು ಹೇಗೆ?

ಉತ್ತರ: ಮನಃಶಾಸ್ತ್ರ ಉಪನ್ಯಾಸಕ, ಕೊಪ್ಪಳ

ತಂಗಿ, ನಟಿಗಿಂತ ಗೆಳತಿಯೇ ಹೆಚ್ಚು ನೋಯಿಸುವುದು ಸಹಜ. ಲಿಯಾನ್ ಫೆಸ್ಟಿಂಗರ್ 1954ರಲ್ಲಿ ಮಂಡಿಸಿದ ಸಾಮಾಜಿಕ ಹೋಲಿಕೆಯ ಸಿದ್ಧಾಂತದ ಪ್ರಕಾರ, ತನ್ನನ್ನು ಅಳೆದುಕೊಳ್ಳಲು ಬೇರೆ ಅಳತೆಗೋಲು ಸಿಗದಿದ್ದಾಗ ಮನುಷ್ಯ ಇತರರೊಂದಿಗೆ, ಅದರಲ್ಲೂ ತನ್ನಂತೆಯೇ ಇರುವವರೊಂದಿಗೆ ಹೋಲಿಸಿಕೊಳ್ಳುತ್ತಾನೆ. ಒಂದೇ ಬೆಂಚಿನಲ್ಲಿ ಕೂತವಳಿಗಿಂತ ಹತ್ತಿರದ ಅಳತೆಗೋಲು ನಿಮಗೆ ಇನ್ನಾವುದಿದೆ?

ಇನ್ನೊಬ್ಬರ ದನಿಯಲ್ಲಿ ಮಾತನಾಡಿ ನೋಡಿದ್ದನ್ನು ನಾನು ತಪ್ಪೆನ್ನುವುದಿಲ್ಲ. ಹದಿಹರೆಯದಲ್ಲಿ ಮಕ್ಕಳು ಹಲವು ಪಾತ್ರಗಳನ್ನು ತೊಟ್ಟು ನೋಡಿಯೇ ತಮ್ಮ ಗುರುತನ್ನು ಕಂಡುಕೊಳ್ಳುತ್ತಾರೆಂದು ಎರಿಕ್ ಎರಿಕ್ಸನ್ ಹೇಳಿದ್ದಾರೆ. ಆದರೆ ಹಿಂದೆ ಹಾಗೆ ತೊಟ್ಟ ವೇಷವನ್ನು ನಾಲ್ಕು ಜನ ನೋಡಿ ಮರೆಯುತ್ತಿದ್ದರು. 2009ರಲ್ಲಿ ಫೇಸ್‌ಬುಕ್ ಲೈಕ್ ಗುಂಡಿಯನ್ನು ತಂದ ಮೇಲೆ ಅಂಥ ಪ್ರತಿ ಪ್ರಯತ್ನಕ್ಕೂ ಅಂಕ ಬೀಳತೊಡಗಿತು, ಹೆಚ್ಚು ಅಂಕ ತಂದ ವೇಷವೇ ಮೈಗೆ ಅಂಟಿಕೊಳ್ಳತೊಡಗಿತು. ನನಗೆ ಆತಂಕವಿರುವುದು ಈ ಎಣಿಕೆಯ ಬಗ್ಗೆ. 2021ರಿಂದ ಇನ್‌ಸ್ಟಾಗ್ರಾಮ್‌ನಲ್ಲಿ ಲೈಕುಗಳ ಸಂಖ್ಯೆಯನ್ನು ಮರೆಮಾಡುವ ಅವಕಾಶವಿದೆ, ಮೊದಲು ಅದನ್ನು ಬಳಸಿ. ನೀವು ಯಾರ ಸ್ಟೋರಿಗಳನ್ನು ಮತ್ತೆ ಮತ್ತೆ ನೋಡುತ್ತೀರೋ ಅವರದೇ ಸಾಲಿನಲ್ಲಿ ಮುಂದೆ ಬರುತ್ತದೆ ಎಂಬುದೂ ನೆನಪಿರಲಿ.

ಉತ್ತರ: ಬೆಂಗಳೂರಿನ ಪಿಜಿಯಲ್ಲಿರುವ ಲಿಂಗಸುಗೂರಿನವಳು

ನಾನು ನಿಮ್ಮ ಗೆಳತಿಯ ಜಾಗದಲ್ಲಿರುವವಳು. ಪಿಜಿಗೆ ಬಂದ ಮೊದಲ ವಾರ ನಾನು 'ಕುಂದ್ರು' ಎಂದಾಗ ಕೋಣೆಯವರೆಲ್ಲ ನಕ್ಕರು, ಅಂದಿನಿಂದ ನಾನೂ ಮಾತು ಬದಲಿಸಿದೆ. ಊರಿನ ಗೆಳತಿಯರು ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿಯ ಬುತ್ತಿ ಬಿಚ್ಚಿ ಕೂತ ಚಿತ್ರಗಳನ್ನು ಹಾಕಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಮಾಲ್‌ಗೆ ಹೋಗಿ ಹತ್ತು ಚಿತ್ರ ಹಾಕಿದೆ. ಅವು ಅವರಿಗಾಗಿಯೇ ಹಾಕಿದವು ಎಂಬುದನ್ನು ಇಲ್ಲಿಯೇ ಮೊದಲ ಸಲ ಹೇಳುತ್ತಿದ್ದೇನೆ.

ಉತ್ತರ: ಇಬ್ಬರು ಮಕ್ಕಳ ತಂದೆ, ಬಳ್ಳಾರಿ

ಹೋಲಿಕೆ ನಮ್ಮ ಓಣಿಯಲ್ಲಿಯೂ ಇತ್ತು. ಎದುರು ಮನೆಯವರು ಹೊಸ ಗಾಡಿ ತಂದರೆ ನಮಗೂ ಸಂಕಟವಾಗುತ್ತಿತ್ತು, ಆದರೆ ಅದಕ್ಕೆ ಅವರು ಮಾಡಿದ ಸಾಲವೂ, ಸಾಲ ಕೊಟ್ಟವನು ಬಾಗಿಲಿಗೆ ಬಂದು ನಿಂತದ್ದೂ ನಮಗೆ ಕಾಣುತ್ತಿತ್ತು. ಫೋನಿನಲ್ಲಿ ಗಾಡಿಯಷ್ಟೇ ಕಾಣುತ್ತದೆ. ನಿದ್ದೆ, ಊಟ ಕೆಡುವಷ್ಟು ಸಂಕಟವಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಮ್ಮ. ಅದು ಉಚಿತ, ಹಗಲು ರಾತ್ರಿ ಲಭ್ಯವಿದೆ, ಕನ್ನಡದಲ್ಲಿಯೂ ಮಾತನಾಡಬಹುದು.

ಮರುಮಾತು: ವಿದ್ಯಾರ್ಥಿನಿ, ಗಂಗಾವತಿ

ಎಲ್ಲರಿಗೂ ನಮಸ್ಕಾರ. ಲೈಕುಗಳ ಸಂಖ್ಯೆಯನ್ನು ಮರೆಮಾಡಿದ್ದೇನೆ. ಗೆಳತಿಯೊಂದಿಗೆ ಮಾತನಾಡಬೇಕೆನಿಸಿದೆ, ಇನ್ನೂ ಫೋನ್ ಮಾಡಿಲ್ಲ, ಭಾನುವಾರ ಮಾಡುತ್ತೇನೆ. ಲಿಂಗಸುಗೂರಿನ ಅಕ್ಕ, ಈಗ ಪಿಜಿಯಲ್ಲಿ ನೀವು ಯಾವ ಮಾತನ್ನಾಡುತ್ತೀರಿ?

ಉತ್ತರ: ಲಿಂಗಸುಗೂರಿನವಳು

ಕೋಣೆಯಲ್ಲಿ ಇನ್ನೂ ಅವರದೇ ಮಾತು. ಮನೆಗೆ ಫೋನ್ ಮಾಡುವಾಗ ಮೊದಲೆಲ್ಲ ಮಹಡಿಯ ಮೇಲೆ ಹೋಗುತ್ತಿದ್ದೆ, ಈ ವಾರದಿಂದ ಕೋಣೆಯಲ್ಲಿ ಎಲ್ಲರ ಎದುರೇ ನಮ್ಮ ಮಾತಿನಲ್ಲಿ ಮಾತನಾಡುತ್ತಿದ್ದೇನೆ.