ಮೂವತ್ತು ವರ್ಷದ ಮೇಲೆ ಮತ್ತೆ ಸೈಕಲ್: ಯಾವ ದಾರಿ, ಯಾವ ಹೊತ್ತು?

ನವನಗರ, ಹುಬ್ಬಳ್ಳಿ. ಶಾಲಾ ಶಿಕ್ಷಕಿ:

ನನಗೀಗ ನಲವತ್ತಾರು. ಕುಂದಗೋಳದ ಕಡೆಯ ನಮ್ಮ ಹಳ್ಳಿಯಿಂದ ಹೈಸ್ಕೂಲಿಗೆ ದಿನವೂ ಸೈಕಲ್ ತುಳಿದವಳು. ಹತ್ತನೆಯ ತರಗತಿ ಮುಗಿದ ಮೇಲೆ ಮುಟ್ಟಿಲ್ಲ. ದೀಪಾವಳಿ ಕಳೆದು ಹವೆ ತಿಳಿಯಾಗಿದೆ. ಬೆಳಗ್ಗೆ ಹಾಲು ತರಲು ಹೊರಗೆ ಬಂದರೆ ಮತ್ತೆ ಮನೆಯೊಳಗೆ ಹೋಗಲು ಮನಸ್ಸೇ ಆಗುವುದಿಲ್ಲ. ಮಗಳು ಓದಲು ಬೆಂಗಳೂರಿಗೆ ಹೋದಳು. ಅವಳ ಗೇರ್ ಸೈಕಲ್ ಎರಡು ವರ್ಷದಿಂದ ಮೆಟ್ಟಿಲ ಕೆಳಗೆ ನಿಂತಿದೆ. ತೂಕ ಇಳಿಸುವುದು ನನ್ನ ಉದ್ದೇಶವಲ್ಲ, ಯಾರೊಂದಿಗೂ ಪೈಪೋಟಿ ಇಲ್ಲ. ವಾರಕ್ಕೆ ಎರಡು ಸಲ, ಬರೀ ಖುಷಿಗಾಗಿ ಹೋಗಬೇಕೆಂದು ಆಸೆ. ಎಲ್ಲಿಂದ ಶುರು ಮಾಡಲಿ? ಮಂಡಿ ತಡೆಯುತ್ತದೆಯೇ? ಒಬ್ಬಳೇ ಹೋಗಬಹುದೇ? ಅನುಭವ ಇದ್ದವರು ದಯವಿಟ್ಟು ಹೇಳಿ.

ಸಪ್ತಾಪುರ, ಧಾರವಾಡ. ನಿವೃತ್ತ ನೌಕರ:

ತಂಗಿ, ಖುಷಿಗಾಗಿ ಎಂದು ಬರೆದಿದ್ದೀರಲ್ಲ, ಅದನ್ನು ಓದಿಯೇ ಉತ್ತರಿಸಬೇಕೆನಿಸಿತು. ನಾನು ಅರವತ್ತಕ್ಕೆ ನಿವೃತ್ತನಾಗಿ ಅರವತ್ತೊಂದಕ್ಕೆ ಸೈಕಲ್ ಕೊಂಡವನು. ಈಗ ಅರವತ್ತೆಂಟು.

ಮೊದಲನೆಯದಾಗಿ, ಹುಬ್ಬಳ್ಳಿ–ಧಾರವಾಡದ ದೊಡ್ಡ ರಸ್ತೆಯಲ್ಲಿ ಶುರು ಮಾಡಬೇಡಿ. ಇಪ್ಪತ್ತು ಕಿಲೋಮೀಟರ್ ಎಂದರೆ ಕೇಳುವುದಕ್ಕೆ ಸಲೀಸು. ನಡುವಿನ ಪಥ ಎರಡೂ ಊರಿನ ನಡುವೆ ಓಡುವ ಚಿಗರಿ ಎಂಬ ವೇಗದ ಬಸ್ಸಿಗೆ ಮೀಸಲು, ಪಕ್ಕದಲ್ಲಿ ಲಾರಿ, ಬೈಕು, ಟಂಟಂ ಆಟೋಗಳ ಒತ್ತಡ. ಸಾಲದ್ದಕ್ಕೆ ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿದೆ. ಬಸ್ಸಿನಲ್ಲಿ ಕುಳಿತವರಿಗೆ ಆ ಏರು ಕಾಣಿಸುವುದಿಲ್ಲ, ತುಳಿಯುವವರ ತೊಡೆಗೆ ಗೊತ್ತಾಗುತ್ತದೆ. ಮೊದಲ ತಿಂಗಳು ನಿಮ್ಮ ನವನಗರದ ಒಳರಸ್ತೆಗಳೇ ಸಾಕು. ಆಮೇಲೆ ಅಮರಗೋಳ, ಇನ್ನೊಂದು ದಿನ ಉಣಕಲ್. ಉಣಕಲ್ಲಿಗೆ ಹೋದರೆ ಕೆರೆ ನೋಡಿ ಹಾಗೇ ತಿರುಗಿ ಬರಬೇಡಿ. ಊರೊಳಗಿನ ಚಂದ್ರಮೌಳೇಶ್ವರ ಗುಡಿಯ ಮುಂದೆ ಹತ್ತು ನಿಮಿಷ ಕುಳಿತುಕೊಳ್ಳಿ. ನಾಲ್ಕು ದಿಕ್ಕಿಗೂ ಬಾಗಿಲಿರುವ ಆ ಚಾಲುಕ್ಯರ ಗುಡಿಗೆ ಎಳೆ ಬಿಸಿಲು ನುಗ್ಗುವುದನ್ನು ನಾನು ಐವತ್ತು ವರ್ಷ ಧಾರವಾಡದಲ್ಲಿದ್ದೂ ನೋಡಿರಲಿಲ್ಲ. ತೋರಿಸಿದ್ದು ಸೈಕಲ್.

ಮಂಡಿಯ ಬಗ್ಗೆ ಕೇಳಿದ್ದೀರಿ. ನಮ್ಮಲ್ಲಿ ಹೆಚ್ಚಿನವರು ಎರಡೂ ಕಾಲು ನೆಲಕ್ಕೆ ಊರುವಷ್ಟು ಸೀಟನ್ನು ತಗ್ಗಿಸಿಕೊಳ್ಳುತ್ತಾರೆ. ಭಯ ಕಡಿಮೆಯಾಗುತ್ತದೆ ನಿಜ, ಆದರೆ ಭಾರವೆಲ್ಲ ಮಡಿಚಿದ ಮಂಡಿಯ ಮೇಲೆ ಬೀಳುತ್ತದೆ. ಗೋಡೆಗೆ ಕೈ ಆನಿಸಿ ಸೀಟಿನ ಮೇಲೆ ಕುಳಿತುಕೊಳ್ಳಿ. ಒಂದು ಪೆಡಲನ್ನು ಪೂರ್ತಿ ಕೆಳಗೆ ತಂದು ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮಂಡಿ ತುಸುವೇ ಬಾಗಿ ನಿಲ್ಲುತ್ತದೆ. ಅದೇ ಸರಿಯಾದ ಎತ್ತರ. ಎರಡನೆಯದು ಗೇರ್. ಬಿಗಿ ಗೇರಿನಲ್ಲಿ ಒತ್ತಿ ತುಳಿಯುವುದಕ್ಕಿಂತ ಹಗುರ ಗೇರಿನಲ್ಲಿ ಕಾಲು ಬೇಗ ಬೇಗ ಆಡಿಸುವುದು ಮಂಡಿಗೆ ಸುಖ. ಏರು ಬಂದ ಮೇಲೆ ಗೇರ್ ಬದಲಿಸಬೇಡಿ, ಏರಿನ ಬುಡದಲ್ಲೇ ಬದಲಿಸಿ.

ನನ್ನ ದಾರಿ ಗೋವಾ ರಸ್ತೆಯ ಕೆಲಗೇರಿ ಕೆರೆ. ಈ ದಿನಗಳಲ್ಲಿ ಆರೂವರೆಗೆ ಹೋದರೆ ನೀರಿನ ಮೇಲೆ ಮಂಜು ಹಾಸಿರುತ್ತದೆ. ಕೆರೆಯ ಏರಿ ಹತ್ತಿರ ಬಂದಾಗ ತುಳಿಯುವುದನ್ನು ನಿಲ್ಲಿಸಿಬಿಡುತ್ತೇನೆ. ಹಿಂದಿನ ಚಕ್ರದ ಫ್ರೀವೀಲ್ ಟಿಕ್ ಟಿಕ್ ಎನ್ನುತ್ತಾ ಸೈಕಲ್ ತಾನೇ ಸಾಗುತ್ತದೆ. ಆ ಸದ್ದೂ ನಿಂತ ಮೇಲೆ ಕೆರೆಯ ಸದ್ದು ಕೇಳಿಸತೊಡಗುತ್ತದೆ: ನೀರುಕೋಳಿ ಎಲ್ಲೋ ಮುಳುಗುವುದು, ದಡದಲ್ಲಿ ಯಾರೋ ಕೆಮ್ಮುವುದು. ಬಿಸಿಲು ಬಂದ ಕೂಡಲೇ ನೀರುಕಾಗೆಗಳು ಬೋಳುಕೊಂಬೆಯ ಮೇಲೆ ರೆಕ್ಕೆ ಅಗಲಿಸಿ, ತೊಳೆದ ಅಂಗಿ ಹರವಿದಂತೆ ನಿಲ್ಲುತ್ತವೆ. ಕಾರಿನಲ್ಲಿ ಹೋದವರಿಗೆ ಕೆರೆ ಮಾತ್ರ ಕಂಡೀತು. ನಡೆದು ಹೋಗುವವರಿಗೆ ಇಷ್ಟು ದೂರ ಬರಲಾಗುವುದಿಲ್ಲ. ಈ ಎರಡರ ನಡುವಿನ ವೇಗ ಸೈಕಲ್ಲಿಗೆ ಮಾತ್ರ ಇದೆ.

ಕಾಲು ಕುದುರಿದ ಮೇಲೆ ಸೋಮೇಶ್ವರ ಗುಡಿಗೂ ಬನ್ನಿ. ಶಾಲ್ಮಲೆ ಹುಟ್ಟುವ ಜಾಗ ಅದು.

ದುರ್ಗದಬೈಲ್ ಹತ್ತಿರ, ಹುಬ್ಬಳ್ಳಿ. ಸೈಕಲ್ ರಿಪೇರಿ ಅಂಗಡಿ:

ಅಕ್ಕಾವರೇ, ಎರಡು ವರ್ಷ ನಿಂತ ಸೈಕಲ್ಲಿಗೆ ಗಾಳಿ ಹೊಡೆದ ಮಾತ್ರಕ್ಕೆ ಹೊರಡಬೇಡಿ. ಟೈರಿನ ಪಕ್ಕದ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಕೂದಲೆಳೆಯಂಥ ಬಿರುಕುಗಳು ಬಾಯಿ ಬಿಟ್ಟರೆ ಟೈರ್ ಬದಲಿಸಿ. ಬ್ರೇಕಿನ ರಬ್ಬರ್ ಕಲ್ಲಿನಂತಾಗಿರುತ್ತದೆ, ಅದಕ್ಕೆ ಖರ್ಚು ಕಡಿಮೆ, ಹೊಸದೇ ಹಾಕಿಸಿ. ಚೈನಿಗೆ ಅಡುಗೆ ಎಣ್ಣೆ ಬೇಡ. ಅಂಟಾಗಿ ಧೂಳು ಹಿಡಿಯುತ್ತದೆ. ಮೊದಲು ಒಣ ಬಟ್ಟೆಯಿಂದ ಒರೆಸಿ, ಒಂದೊಂದು ಕೊಂಡಿಗೆ ಒಂದೊಂದು ಹನಿ ಸೈಕಲ್ ಎಣ್ಣೆ ಬಿಟ್ಟು, ಹೆಚ್ಚಾದದ್ದನ್ನು ಮತ್ತೆ ಒರೆಸಬೇಕು. ಎಷ್ಟು ಗಾಳಿ ತುಂಬಬೇಕೆಂದು ಟೈರಿನ ಮೇಲೇ ಉಬ್ಬು ಅಕ್ಷರದಲ್ಲಿ ಬರೆದಿರುತ್ತದೆ. ಅದನ್ನು ಮೀರಬೇಡಿ, ತೀರ ಕಡಿಮೆಯೂ ಬೇಡ. ಕೊನೆಗೆ ಹಿಂಬದಿ ಎತ್ತಿ ಹಿಡಿದು ಪೆಡಲ್ ತಿರುಗಿಸಿ ಕಿವಿ ಕೊಡಿ. ಸದ್ದು ಒಂದೇ ಸಮನಾಗಿದ್ದರೆ ಸೈಕಲ್ ಸಿದ್ಧ. ಪ್ರತಿ ಸುತ್ತಿಗೂ ಒಂದೇ ಕಡೆ ಕಟಕ್ ಎಂದರೆ ಅಂಗಡಿಗೆ ಒಯ್ಯಿರಿ.

ಹೊಸ ಸೈಕಲ್ ಕೊಳ್ಳುವ ಅವಸರ ಬೇಡ. ಮಗಳದ್ದು ನಿಮ್ಮ ಎತ್ತರಕ್ಕೆ ಹೊಂದಿದರೆ ಅದರಲ್ಲೇ ಒಂದು ವರ್ಷ ತಿರುಗಿ.

ಬೆಟಗೇರಿ, ಗದಗ:

ನಮ್ಮ ಕಡೆಯ ಅನುಭವವನ್ನೂ ಸೇರಿಸುತ್ತೇನೆ, ಯಾಕೆಂದರೆ ಧಾರವಾಡದ ನೆಲ ಬೇರೆ, ನಮ್ಮ ಎರೆಭೂಮಿ ಬೇರೆ. ಎರಡು ವರ್ಷದ ಹಿಂದೆ ಹಿಂಗಾರಿನ ಒಂದು ಮಳೆ ಬಿದ್ದ ಮರುದಿನ ಆಕಾಶ ತೊಳೆದಿಟ್ಟಂತಿತ್ತು. ಆ ಅಂದಕ್ಕೆ ಮರುಳಾಗಿ ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿದೆ. ಐವತ್ತು ಹೆಜ್ಜೆ ಹೋಗಿರಲಿಲ್ಲ, ಕಪ್ಪು ಮಣ್ಣು ಟೈರಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಚಕ್ರ ತಿರುಗುವುದೇ ನಿಂತಿತು. ದೂಡಲೂ ಆಗಲಿಲ್ಲ. ಜೋಳದ ದಂಟು ಮುರಿದು ಕೆರೆಯುತ್ತ, ಮತ್ತೆ ನಾಲ್ಕು ಹೆಜ್ಜೆಗೆ ಮೆತ್ತಿಕೊಳ್ಳುತ್ತ, ಕೊನೆಗೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ರಸ್ತೆ ಸೇರಿದೆ. ಹೊಲದಲ್ಲಿದ್ದ ಮುದುಕರೊಬ್ಬರು ಕೊಡದಲ್ಲಿದ್ದ ನೀರು ಹಾಕಿ ಚಕ್ರ ತೊಳೆದುಕೊಟ್ಟು, "ಎರಡು ದಿನ ಬಿಸಿಲು ಕುಡಿಯಲಿ, ಆಮೇಲೆ ಇದೇ ದಾರಿ ಸಿಮೆಂಟಿನಂತಿರುತ್ತದೆ" ಎಂದರು. ಹಾಗೆಯೇ ಇತ್ತು. ಅಂದಿನಿಂದ ಮಳೆ ಬಿದ್ದರೆ ಎರಡು ದಿನ ಕಾಯುತ್ತೇನೆ.

ಇನ್ನೊಂದು ಶತ್ರು ಜಾಲಿಮುಳ್ಳು. ಬೇಲಿ ಕಡಿದ ದಿನಗಳಲ್ಲಿ ದಾರಿಯ ಅಂಚಿಗೆ ಹೋಗಬೇಡಿ. ಒಂದು ಬದಲಿ ಟ್ಯೂಬ್, ಟೈರ್ ಬಿಚ್ಚುವ ಎರಡು ಲಿವರ್, ಸಣ್ಣ ಪಂಪ್ ಇಷ್ಟು ಚೀಲದಲ್ಲಿರಲಿ. ಪಂಚರ್ ಆದಾಗ ಟ್ಯೂಬ್ ಬದಲಿಸಿದರೆ ಸಾಲದು. ಟೈರಿನ ಒಳಗೆ ಬಟ್ಟೆ ಆಡಿಸಿ ಮುಳ್ಳನ್ನು ಹುಡುಕಿ ತೆಗೆಯಬೇಕು. ಇಲ್ಲವಾದರೆ ಹೊಸ ಟ್ಯೂಬೂ ಅದೇ ಮುಳ್ಳಿಗೆ ಬಲಿ. ಮನೆಯಲ್ಲಿ ಒಂದು ಸಲ ಬಿಚ್ಚಿ ಹಾಕಿ ಕಲಿತುಕೊಳ್ಳಿ. ಆ ಕೆಲಸ ಗೊತ್ತಿದ್ದರೆ ಒಂಟಿ ದಾರಿಯ ಅರ್ಧ ಭಯ ಹೋಗುತ್ತದೆ.

ಗಾಳಿಯ ಬಗ್ಗೆ ಯಾರೂ ಹೇಳಿಲ್ಲ. ನಮ್ಮಲ್ಲಿ ಏರಿಗಿಂತ ಗಾಳಿಯೇ ಹೆಚ್ಚು ದಣಿಸುತ್ತದೆ. ಚಳಿಗಾಲದಲ್ಲಿ ಅದು ಮೂಡಣದಿಂದ, ಮಳೆಗಾಲದಲ್ಲಿ ಪಡುವಣದಿಂದ. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಅದು ಬೆನ್ನಿಗಿರಲಿ. ದಿಕ್ಕು ಗೊತ್ತಾಗದಿದ್ದರೆ ನಾನು ಕಪ್ಪತಗುಡ್ಡದ ಕಡೆಯ ಗಾಳಿಯಂತ್ರಗಳನ್ನು ನೋಡುತ್ತೇನೆ. ಗಾಳಿ ಬರುವ ಕಡೆಗೇ ಅವು ಮುಖ ಮಾಡಿರುತ್ತವೆ. ಲಕ್ಕುಂಡಿ ನಮಗೆ ಮೂಡಣಕ್ಕಿದೆ, ಸುಮಾರು ಹನ್ನೆರಡು ಕಿಲೋಮೀಟರ್. ಆದ್ದರಿಂದ ಈ ಕಾಲಕ್ಕೆ ಅದು ಹೇಳಿ ಮಾಡಿಸಿದ ಸವಾರಿ. ಹೆದ್ದಾರಿಯಲ್ಲಿ ಅಂಚು ಹಿಡಿದು ಹೋಗಬೇಕಾದೀತು, ಆದರೆ ಊರೊಳಗೆ ಹೊಕ್ಕ ಮೇಲೆ ಅವಸರವೇ ಇಲ್ಲ. ನೂರೊಂದು ಗುಡಿ, ನೂರೊಂದು ಬಾವಿ ಎಂದು ಜನ ಹೇಳುವ ಊರಿನಲ್ಲಿ ಒಂದು ಓಣಿಯಿಂದ ಇನ್ನೊಂದು ಓಣಿಗೆ ಸೈಕಲ್ಲಿನಷ್ಟು ಸುಲಭವಾಗಿ ಯಾವುದೂ ನುಗ್ಗದು. ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದ ಕೆತ್ತನೆಯನ್ನು ಓರೆ ಬಿಸಿಲಿನಲ್ಲೇ ನೋಡಬೇಕು. ಆಗ ಬಳ್ಳಿಯ ಒಂದೊಂದು ಸುರುಳಿಗೂ ತನ್ನದೇ ನೆರಳು ಬೀಳುತ್ತದೆ.

ದೂರ ಹೋಗುವ ಶಕ್ತಿ ಬಂದ ಮೇಲೆ ಮಾಗಡಿ ಕೆರೆಯನ್ನು ಬಿಡಬೇಡಿ. ಗದಗದಿಂದ ಇಪ್ಪತ್ತಾರು ಕಿಲೋಮೀಟರ್ ಆಗಬಹುದು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲವಿಡೀ ಅಲ್ಲಿರುತ್ತವೆ. 2024ರಲ್ಲಿ ಅದು ಜಗತ್ತಿನ ಮುಖ್ಯ ಜೌಗು ನೆಲೆಗಳ ರಾಮ್‌ಸಾರ್ ಪಟ್ಟಿಗೂ ಸೇರಿದೆ. ಸೈಕಲ್ ನಿಲ್ಲಿಸಿ ದೂರದಿಂದಲೇ ನೋಡಿ, ಗಂಟೆ ಬಾರಿಸಬೇಡಿ.

ಮತ್ತೆ ಸೀತನಿ, ಅಂದರೆ ಸುಟ್ಟ ಎಳೆ ಜೋಳದ ತೆನೆ! ಜನವರಿ ಹೊತ್ತಿಗೆ ಬಿಳಿಜೋಳ ಹಾಲುಗಾಳಾದಾಗ, ಹೊಲದ ಬದುವಿನಲ್ಲಿ ಕುಳ್ಳಿನ ಹೊಗೆ ಕಂಡರೆ ಇಳಿದು ಮಾತನಾಡಿಸಿ. ಬಿಸಿ ತೆನೆಯನ್ನು ಅಂಗೈಯಲ್ಲಿ ತಿಕ್ಕಿ ಉದುರಿಸಿದ ಕಾಳು, ಜೊತೆಗೆ ಬೆಲ್ಲ. ಕಾರು ನಿಲ್ಲಿಸಿದವರನ್ನು ಜನ ದಾರಿ ಕೇಳಲು ಬಂದವರೆಂದುಕೊಳ್ಳುತ್ತಾರೆ. ಸೈಕಲ್ಲಿನಿಂದ ಇಳಿದವರನ್ನು ಕೂಡಿರಿ ಎನ್ನುತ್ತಾರೆ.

ವಿದ್ಯಾನಗರ, ಹುಬ್ಬಳ್ಳಿ. ಶುಶ್ರೂಷಕಿ:

ಅಕ್ಕ, ಒಬ್ಬಳೇ ಹೋಗಬಹುದೇ ಎಂಬ ಪ್ರಶ್ನೆಗೆ ಹೆಣ್ಣುಮಕ್ಕಳೇ ಉತ್ತರಿಸಬೇಕು. ನಾನು ನಾಲ್ಕು ವರ್ಷದಿಂದ ಹೋಗುತ್ತಿದ್ದೇನೆ, ಹೆಚ್ಚಾಗಿ ಒಬ್ಬಳೇ. ನಸುಕಿನ ಕತ್ತಲಲ್ಲಿ ಹೊರಡುವುದಿಲ್ಲ. ವಾಕಿಂಗಿನವರು, ಹಾಲಿನವರು ರಸ್ತೆಗೆ ಬಂದ ಮೇಲೆ ಹೊರಡುತ್ತೇನೆ. ದಾರಿ ಮೊದಲು ಒಂದು ಸಲ ಯಾರೊಂದಿಗಾದರೂ ನೋಡಿಕೊಂಡಿರುತ್ತೇನೆ. ಎಲ್ಲಿ ಹೋಗುತ್ತೇನೆ, ಎಷ್ಟು ಹೊತ್ತಿಗೆ ಬರುತ್ತೇನೆ ಎಂದು ಮನೆಯಲ್ಲಿ ಹೇಳಿರುತ್ತೇನೆ. ಹಿಂದೆ ಕೆಂಪು ದೀಪ, ತಲೆಗೆ ಹೆಲ್ಮೆಟ್ ಇರಲೇಬೇಕು. ದುಪಟ್ಟಾ ಹಾಕಿದರೆ ಎರಡೂ ತುದಿ ಹಿಂದೆ ಗಂಟು ಹಾಕಿ. ಪ್ಯಾಂಟಿನ ಬಲಗಾಲಿನ ಅಂಚನ್ನು ರಬ್ಬರಿನಿಂದ ಕಟ್ಟಿ, ಚೈನು ಇರುವುದು ಆ ಕಡೆಗೆ.

ನಾಯಿ ಬೆನ್ನಟ್ಟಿದರೆ ಜೋರಾಗಿ ತುಳಿಯಬೇಡಿ. ನಾನು ಇಳಿದು, ಸೈಕಲ್ಲನ್ನು ನಡುವೆ ಹಿಡಿದು ನಿಧಾನವಾಗಿ ನಡೆಯುತ್ತೇನೆ. ಓಡುವುದನ್ನು ನಿಲ್ಲಿಸಿದರೆ ಅವೂ ನಿಲ್ಲುತ್ತವೆ. ಇಲ್ಲಿಯವರೆಗೆ ಒಂದೂ ಕಚ್ಚಿಲ್ಲ.

ಮೊದಲ ವಾರ ನನಗೆ ದೊಡ್ಡ ತೊಡಕಾಗಿದ್ದು ಜನರ ನೋಟ. ಈ ವಯಸ್ಸಿನಲ್ಲಿ ಇದೇನು ಎಂದು ಓಣಿಯವರು ನಿಂತು ನೋಡುತ್ತಿದ್ದರು. ಎರಡನೆಯ ತಿಂಗಳು ಅವರಲ್ಲೇ ಇಬ್ಬರು ಬಂದು, ತೋಳನಕೆರೆ ಹತ್ತಿರ ನಮಗೂ ಕಲಿಸುತ್ತೀರಾ ಎಂದು ಕೇಳಿದರು. ಒಬ್ಬರಿಗೆ ಐವತ್ತೆರಡು. ಜೀವನದಲ್ಲಿ ಮೊದಲ ಸಲ ಯಾರೂ ಹಿಡಿಯದೆ ಹತ್ತು ಮಾರು ಹೋದಾಗ ಅವರು ಬ್ರೇಕ್ ಹಾಕಿ, ಸೈಕಲ್ ಮೇಲೇ ಕುಳಿತು ಅತ್ತರು. ರಾತ್ರಿ ಪಾಳಿ ಮುಗಿಸಿ ಬಂದ ಆ ದಿನದ ನನ್ನ ದಣಿವು ಎಲ್ಲಿ ಹೋಯಿತೋ ತಿಳಿಯದು.

ಹಾವೇರಿ:

ಎಲ್ಲರೂ ಬೆಳಗಿನ ಪರವಾಗಿಯೇ ಬರೆದಿದ್ದೀರಿ. ಅಂಗಡಿ ಇಟ್ಟವನಾದ ನನಗೆ ಸಿಗುವುದು ಸಂಜೆ ಮಾತ್ರ. ಹೆಗ್ಗೇರಿ ಕೆರೆಯ ಕಡೆ ಐದು ಗಂಟೆಗೆ ಹೋಗಿ ಸೂರ್ಯ ಮುಳುಗುವ ಮುಂಚೆ ಮನೆ ಸೇರುತ್ತೇನೆ. ಅದಕ್ಕೂ ಅದರದೇ ಸೊಗಸು ಇದೆ; ದನಗಳು ಧೂಳೆಬ್ಬಿಸಿ ಮನೆಗೆ ಮರಳುವ ಹೊತ್ತು, ನೆಲದಿಂದ ಬಿಸಿ ಇನ್ನೂ ಬರುತ್ತಿರುತ್ತದೆ. ಬ್ಯಾಡಗಿ ಕಡೆ ಹೋಗುವವರಿಗೆ ಒಂದು ಸೂಚನೆ: ಮೆಣಸಿನಕಾಯಿ ಹಂಗಾಮಿನಲ್ಲಿ ಮೂಗಿಗೆ ಕರವಸ್ತ್ರ ಕಟ್ಟಿಕೊಳ್ಳಿ. ಕಾಯಿ ತುಂಬಿದ ಲಾರಿಯ ಹಿಂದೆ ಉಸಿರು ಎಳೆದರೆ ಸೀನು ನಿಲ್ಲುವುದಿಲ್ಲ, ಕಣ್ಣೂ ಮಂಜಾಗುತ್ತದೆ. ಆದರೆ ಕಣದಲ್ಲಿ ಹರವಿದ ಆ ಕೆಂಪನ್ನು ನೋಡಲು ಹೋಗಲೇಬೇಕು.

ಕಿಲೋಮೀಟರ್ ಲೆಕ್ಕ ಇಡಬೇಡಿ ಮೇಡಂ. ಮೊಬೈಲ್ ಆ್ಯಪ್ ಹಾಕಿಕೊಂಡ ವರ್ಷ ನನಗೆ ಕೆರೆಯೇ ಕಾಣಿಸಲಿಲ್ಲ.

ನವನಗರ, ಹುಬ್ಬಳ್ಳಿ. ಪ್ರಶ್ನೆ ಕೇಳಿದ ಶಿಕ್ಷಕಿ, ಹದಿನೈದು ದಿನದ ನಂತರ:

ಎಲ್ಲರಿಗೂ ಮನಃಪೂರ್ವಕ ಧನ್ಯವಾದ. ಟೈರ್ ಬದಲಿಸಿದೆ, ಬ್ರೇಕ್ ರಬ್ಬರ್ ಹಾಕಿಸಿದೆ. ಮೊದಲ ದಿನ ಮನೆಯ ಮುಂದೆ ಹ್ಯಾಂಡಲ್ ನಡುಗಿತು. ಮೂರನೆಯ ತಿರುವಿಗೆ ಕೈ ತಾನೇ ನೆಟ್ಟಗಾಯಿತು. ಕಳೆದ ಭಾನುವಾರ ಉಣಕಲ್ಲಿಗೆ ಹೋಗಿ ಚಂದ್ರಮೌಳೇಶ್ವರನ ಮುಂದೆ ಕುಳಿತಿದ್ದೆ. ಬರುವಾಗ ಒಂದು ಇಳಿಜಾರಿನಲ್ಲಿ ಗಾಳಿ ಕಿವಿಯಲ್ಲಿ ಗುಂಯ್ ಎಂದಿತು. ಅದೇ ಸದ್ದು, ಹೈಸ್ಕೂಲಿನ ಹಾದಿಯದು. ಅದು ನನ್ನೊಳಗೆ ಇನ್ನೂ ಉಳಿದಿದೆ ಎಂದು ಗೊತ್ತಿರಲಿಲ್ಲ. ಸಪ್ತಾಪುರದ ಕಾಕಾ ಅವರಿಗೆ ಒಂದು ಪ್ರಶ್ನೆ: ಹಿಂತಿರುಗಿದ ಮೇಲೆ ಎಡ ಮಂಡಿಯ ಮುಂಭಾಗ ಸ್ವಲ್ಪ ಹಿಡಿದುಕೊಳ್ಳುತ್ತಿದೆ. ನಿಲ್ಲಿಸಬೇಕೇ?

ಸಪ್ತಾಪುರ, ಧಾರವಾಡ:

ಮಂಡಿಯ ಮುಂದೆ ನೋವೆಂದರೆ ಸಾಮಾನ್ಯವಾಗಿ ಸೀಟು ಇನ್ನೂ ತಗ್ಗಿದೆ ಎಂದರ್ಥ, ಹಿಂದೆ ನೋವೆಂದರೆ ಎತ್ತರವಾಗಿದೆ. ಸೀಟಿನ ಕಂಬಕ್ಕೆ ಪೆನ್ಸಿಲಿನಿಂದ ಗುರುತು ಹಾಕಿ, ಅರ್ಧ ಬೆರಳಿನಷ್ಟು ಮಾತ್ರ ಏರಿಸಿ, ಎರಡು ದಿನ ಹಗುರ ಗೇರಿನಲ್ಲಿ ಹೋಗಿ ನೋಡಿ. ವಾರದ ಮೇಲೂ ಉಳಿದರೆ ವೈದ್ಯರಿಗೆ ತೋರಿಸಿ, ತಡಮಾಡಬೇಡಿ. ನೋವು ಇಳಿದರೆ ಒಂದು ಭಾನುವಾರ ಸೈಕಲ್ಲನ್ನು ಯಾವುದಾದರೂ ವಾಹನದಲ್ಲಿ ಹಾಕಿಕೊಂಡು ಧಾರವಾಡಕ್ಕೆ ಬನ್ನಿ. ವಿದ್ಯಾನಗರದ ತಂಗಿಯನ್ನೂ ಕರೆತನ್ನಿ. ನುಗ್ಗಿಕೇರಿಗೆ ಹೋಗೋಣ, ಶನಿವಾರ ಬೇಡ, ಹನುಮಪ್ಪನ ದರ್ಶನಕ್ಕೆ ಜನ ತುಂಬಿರುತ್ತಾರೆ. ಆರೂವರೆಗೆ ಕರ್ನಾಟಕ ಕಾಲೇಜಿನ ಗೇಟಿನ ಹತ್ತಿರ ನಿಂತಿರುತ್ತೇನೆ. ಬುತ್ತಿ ತರಬೇಡಿ, ನಮ್ಮ ಮನೆಯವರು ಅವಲಕ್ಕಿ ಕಟ್ಟಿಕೊಡುವುದಾಗಿ ಈಗಲೇ ಹೇಳಿದ್ದಾರೆ.