ಬೊಬ್ಬಿಲಿ ರಾಜರು ಸೋತರು, ಸರಿ. ಜಮೀನ್ದಾರಿ?

ದೊಡ್ಡಪ್ಪ: (ಮನೆಯವರ ವಾಟ್ಸಾಪ್ ಗುಂಪಿಗೆ ಫಾರ್ವರ್ಡ್) 1937ರ ಚುನಾವಣೆ. ಜಸ್ಟಿಸ್ ಪಕ್ಷದ ಮುಖ್ಯಮಂತ್ರಿ, ಜಮೀನ್ದಾರ ಬೊಬ್ಬಿಲಿ ರಾಜರನ್ನು ಅವರ ಬೊಬ್ಬಿಲಿಯಲ್ಲೇ ಕಾಂಗ್ರೆಸ್‌ನ ವಿ.ವಿ. ಗಿರಿ ಸೋಲಿಸಿದರು. ಮದ್ರಾಸ್ ಪ್ರಾಂತ್ಯದ ಜಮೀನ್ದಾರರ ಆಟ ಅಂದೇ ಮುಗಿಯಿತು!

ಚಿಕ್ಕಮ್ಮ: ಭೇಷ್.

ನಾನು: ಗಿರಿ ಗೆದ್ದದ್ದು ನಿಜ ದೊಡ್ಡಪ್ಪ. ಆಟ ಮುಗಿದದ್ದು ಸುಳ್ಳು. ಜಮೀನ್ದಾರಿ ರದ್ದತಿ ಕಾಯ್ದೆ ಬಂದದ್ದು 1948ರಲ್ಲಿ.

ದೊಡ್ಡಪ್ಪ: ಕಾಯ್ದೆ ಬಿಡು, ನಾನು ಹೇಳಿದ್ದು ರಾಜಕೀಯ. 215 ಸೀಟಿನಲ್ಲಿ ಕಾಂಗ್ರೆಸ್‌ಗೆ 159. ಭೂಮಾಲೀಕರಿಗೆ ಮೀಸಲಿದ್ದದ್ದು ಬರೀ 6. ಆರು ಜನ ಏನು ಕಡಿದು ಹಾಕುತ್ತಾರೆ?

ನಾನು: ಆ ಆರನ್ನು ಎಣಿಸುತ್ತಾ ಕೂತರೆ ಏನೂ ಗೊತ್ತಾಗುವುದಿಲ್ಲ. ಮತದಾರರ ಪಟ್ಟಿ ನೋಡಿ. 1920ರಲ್ಲಿ ಮತ ಇದ್ದದ್ದು ನೂರಕ್ಕೆ ಸುಮಾರು 3 ಜನರಿಗೆ, ಅದೂ ಆಸ್ತಿ, ತೆರಿಗೆ ನೋಡಿ. ಪಟ್ಟಿಯೇ ಉಳ್ಳವರದ್ದು. ಇನ್ನು ಮೀಸಲು ಸೀಟು ಯಾಕೆ ಬೇಕು? ಜಸ್ಟಿಸ್ ಪಕ್ಷದ ಒಳಗೂ ಅದೇ ಕಥೆ. 1930ರಲ್ಲಿ ಮುನುಸ್ವಾಮಿ ನಾಯ್ಡು ಮುಖ್ಯಮಂತ್ರಿಯಾದರು. ಎರಡೇ ವರ್ಷ. ಜಸ್ಟಿಸ್ ಪಕ್ಷದ ಜಮೀನ್ದಾರರ ಗುಂಪು ತಿರುಗಿಬಿತ್ತು, 1932ರಲ್ಲಿ ಕುರ್ಚಿ ಬೊಬ್ಬಿಲಿ ರಾಜರಿಗೆ ಹೋಯಿತು.

ಅಕ್ಕ: ಅದೊಂದನ್ನೇ ಹಿಡ್ಕೋಬೇಡ. ಹೆಂಗಸರಿಗೆ ಮತ ಸಿಕ್ಕಿದ್ದು 1921ರಲ್ಲಿ, ಅದೇ ಪಕ್ಷದ ಸರ್ಕಾರದಲ್ಲಿ. ದೇವಸ್ಥಾನಗಳ ಲೆಕ್ಕ ಕೇಳುವ ಕಾನೂನು ತಂದವರು ಅದೇ ಪಕ್ಷದ ಮುಖ್ಯಮಂತ್ರಿ ಪಾನಗಲ್ ರಾಜರು. ಅವರೂ ಜಮೀನ್ದಾರರ ಮನೆಯವರೇ ಅಲ್ವಾ?

ನಾನು: ಒಪ್ಪಿದೆ. ಆದರೆ ಮತ ಸಿಕ್ಕಿದ್ದು ಆಸ್ತಿ ಇದ್ದ ಹೆಂಗಸರಿಗೆ. ದೇವಸ್ಥಾನದ ಲೆಕ್ಕ ಕೇಳಿದರು, ಜಮೀನಿನದ್ದು ಕೇಳಲಿಲ್ಲ.

ಅಕ್ಕ: ಆಸ್ತಿ ಇದ್ದವರಿಗಾದರೂ ಸಿಕ್ಕಿತಲ್ಲ. ಅದೇನು ಸಣ್ಣದಲ್ಲ.

ದೊಡ್ಡಪ್ಪ: ಅದೆಲ್ಲ ಆಂಧ್ರದ ಕಡೆ. ಆಗ ಮದ್ರಾಸ್ ಪ್ರಾಂತ್ಯದಲ್ಲೇ ಇದ್ದ ನಮ್ಮ ಬಳ್ಳಾರಿಯಲ್ಲಿ ಬ್ರಿಟಿಷ್ ಅಧಿಕಾರಿ ಮನ್ರೋ ರೈತವಾರಿ ತಂದಿದ್ದ, ಮಧ್ಯೆ ಜಮೀನ್ದಾರ ಇಲ್ಲ, ಕಂದಾಯ ನೇರ ಸರ್ಕಾರಕ್ಕೆ. ಧಣಿಗಳ ಕಾಟ ಎಲ್ಲಿತ್ತು?

ಚಿಕ್ಕಮ್ಮ: ಭಾವ, ದಕ್ಷಿಣ ಕನ್ನಡದಲ್ಲೂ ರೈತವಾರಿಯೇ. ಪಟ್ಟಾ ಮಾತ್ರ ವರ್ಗದಾರನ, ಅಂದರೆ ಭೂಮಾಲೀಕನ, ಹೆಸರಲ್ಲಿ. ಉಳುವವನು ಚಾಲಗೇಣಿ, ಕಾಯಂ ಹಕ್ಕಿಲ್ಲದ ಗೇಣಿದಾರ. ಧಣಿ ಬಿಡು ಅಂದರೆ ಗದ್ದೆ ಬಿಡಬೇಕು. ಅಂಥವನು ಧಣಿಯ ಎದುರು ನಿಂತು ಮಾತಾಡುತ್ತಾನಾ?

(ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ಭೇಷ್ ಅಂದಿದ್ದ ಚಿಕ್ಕಮ್ಮನೇ ಹೀಗೆ ಹೊಡೆಯುತ್ತಾರೆ ಅಂತ ನಾನೂ ಅಂದುಕೊಂಡಿರಲಿಲ್ಲ.)

ದೊಡ್ಡಪ್ಪ: ಅಷ್ಟು ಹಿಡಿತ ಇದ್ದರೆ ರಾಜರು ಸೋತದ್ದು ಹೇಗೆ? ಅದಕ್ಕೆ ಉತ್ತರ ಕೊಡು.

ನಾನು: ಒಳ್ಳೆ ಪ್ರಶ್ನೆ. ಒಂದು, 1937ರ ಹೊತ್ತಿಗೆ ಮತದಾರರು ನೂರಕ್ಕೆ ಸುಮಾರು 15 ಆಗಿದ್ದರು. ಎರಡು, ಬೆಳೆಗೆ ಬೆಲೆ ಇಲ್ಲದೆ ರೈತ ಸಾಯುತ್ತಿದ್ದಾಗ ಮಂತ್ರಿಗಳ ಸಂಬಳ ತಿಂಗಳಿಗೆ 4,000 ರೂಪಾಯಿಗೂ ಜಾಸ್ತಿ. ಕಾಂಗ್ರೆಸ್ ನಮಗೆ 500 ಸಾಕು ಅಂದಿತು. ಆಮೇಲೆ ಹಳದಿ ಪೆಟ್ಟಿಗೆ. ಪಕ್ಷಕ್ಕೊಂದು ಬಣ್ಣದ ಮತಪೆಟ್ಟಿಗೆ, ಹಳದಿ ಕಾಂಗ್ರೆಸ್‌ನದು. ಓದು ಬಾರದವನೂ ಒಳಗೆ ಹೋಗಿ ಸುಮ್ನೆ ಚೀಟಿ ಹಾಕಿ ಬರಬಹುದಿತ್ತು.

ದೊಡ್ಡಪ್ಪ: ಅಂದರೆ ಆಟ ಮುಗಿಯಿತು ಅಂತ ನೀನೇ ಹೇಳಿದ ಹಾಗಾಯಿತು!

ನಾನು: ಸೀಟು ಹೋಯಿತು, ಜಮೀನು ಹೋಗಲಿಲ್ಲ. ಹೊಸ ಕಾಂಗ್ರೆಸ್ ಸರ್ಕಾರದ ಮಂತ್ರಿ ಟಿ. ಪ್ರಕಾಶಂ ಅವರ ಸಮಿತಿ, ಗೇಣಿಯನ್ನು ಜಮೀನ್ದಾರಿ ಕಾಯಂ ಆದ 1802ರ ಮಟ್ಟಕ್ಕೆ ಇಳಿಸಿ ಅಂತ 1938ರಲ್ಲಿ ವರದಿ ಕೊಟ್ಟಿತು. ಅದು ಕಾನೂನಾಗುವ ಮೊದಲೇ, 1939ರಲ್ಲಿ, ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ರೈತ ಮತ್ತೆ ಅದೇ ಜಮೀನ್ದಾರನ ಕಚೇರಿಗೆ ಗೇಣಿ ಕಟ್ಟಿದ.

ದೊಡ್ಡಪ್ಪ: ಸರಿ ಮಾರಾಯ. ಕೊನೆಯ ಸಾಲು ತೆಗೆದು ಮತ್ತೆ ಹಾಕುತ್ತೇನೆ. ಗಿರಿ ಗೆದ್ದದ್ದು ಇರಲಿ.

ಚಿಕ್ಕಮ್ಮ: ಭೇಷ್.